ಕೊಳ್ಳುವವರಿಲ್ಲ ಎನ್ನುವವರಿಗೆ

ಚೆನ್ನೈನ ಐಟಿ ಕಾರಿಡಾರಿನ ಪೆರುಂಗುಡಿಯಲ್ಲಿ ವರ್ಷಕ್ಕೊಮ್ಮೆ, ಗೊತ್ತುಪಡಿಸಿದ ದಿನಗಳಲ್ಲಿ, ದಕ್ಷಿಣ ಭಾರತದ ಸಮಕಾಲೀನ ಕಲೆಯ ಪ್ರಾದೇಶಿಕ ಪ್ರದರ್ಶನವೊಂದು ನಡೆಯಬೇಕು. ಪ್ರತಿ ಕೃತಿಯ ಪಕ್ಕದಲ್ಲಿ ಬೆಲೆ ಬರೆದಿರಬೇಕು. ಇಲ್ಲೇ ವಾಸಿಸುವ, ಇಲ್ಲೇ ದುಡಿಯುವ ಸಂಬಳದ ಜನ ಅದನ್ನು ಕೊಂಡು ಮನೆಗೆ ಒಯ್ಯಬೇಕು. ನಮ್ಮ ವಾದ ಇಷ್ಟೇ. ಇದನ್ನು ವಿರೋಧಿಸುವವರಲ್ಲಿ ಹೆಚ್ಚಿನವರು ಕಲಾವಲಯದವರೇ ಆದ್ದರಿಂದ ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಒಂದೊಂದನ್ನೂ ಎತ್ತಿಕೊಂಡು ನೋಡಲೇಬೇಕು. ತೀರ್ಪು ಓದುಗರದು.

ಅವರ ಮೊದಲ ಮಾತು: ಚೆನ್ನೈ ಸಂಗೀತದ ಊರು, ಇಲ್ಲಿ ಚಿತ್ರಕ್ಕೆ ರಸಿಕರಿಲ್ಲ. ಸಂಗೀತಕ್ಕೆ ರಸಿಕರು ಎಲ್ಲಿಂದ ಬಂದರು? 1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅದರ ಜೊತೆಗೇ ನಡೆದ ಸಂಗೀತ ಸಮ್ಮೇಳನದ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅರಮನೆ, ಜಮೀನ್ದಾರಿಗಳ ಆಶ್ರಯ ಸೊರಗುತ್ತಿದ್ದ ಕಾಲ ಅದು. ವಕೀಲರು, ಗುಮಾಸ್ತರು, ಮೇಷ್ಟ್ರುಗಳು ಚಂದಾ ಕಟ್ಟಿ ಸಂಗೀತ ಸಭೆಗಳ ಸದಸ್ಯರಾದರು, ಪ್ರತಿ ವರ್ಷ ಅದೇ ದಿನಗಳಲ್ಲಿ ಅದೇ ಕುರ್ಚಿಗಳಿಗೆ ಬಂದು ಕೂತರು. ಮಾರ್ಗಳಿ ಸಂಗೀತ ಋತು ಎಂದು ಊರು ಇಂದು ಹೆಮ್ಮೆಪಡುವುದು ಹೀಗೆ ಕೈಯಾರೆ ಕಟ್ಟಿದ ಏರ್ಪಾಡು. ಅದನ್ನು ಊರಿನ ಹುಟ್ಟುಗುಣ ಎಂದು ಕರೆದು, ಅದೇ ನೆಪದಲ್ಲಿ ಇನ್ನೊಂದು ಕಲೆಗೆ ಬಾಗಿಲು ಹಾಕುವುದು ಚರಿತ್ರೆಗೆ ಮಾಡುವ ಅನ್ಯಾಯ.

ಎರಡನೆಯ ಮಾತು: ಆಧುನಿಕ ಕಲೆ ಸಾಮಾನ್ಯರಿಗೆ ಅರ್ಥವಾಗುವುದಿಲ್ಲ, ಐಟಿ ಕಾರಿಡಾರಿನ ಇಂಜಿನಿಯರುಗಳಿಗಂತೂ ಬೇಡವೇ ಬೇಡ. ಹೀಗೆನ್ನುವವರು ರಾಜೀವ್ ಗಾಂಧಿ ಸಾಲೈಯ ಯಾವುದಾದರೂ ಕಚೇರಿ ಕಟ್ಟಡದ ಒಳಗೆ ಹೋಗಿ ಗೋಡೆ ನೋಡಬೇಕು. ರಿಸೆಪ್ಷನ್ನಿನ ಹಿಂದೆ ಆಳೆತ್ತರದ ಕ್ಯಾನ್ವಾಸು, ಅದರಲ್ಲಿ ನೀಲಿ ಬಳಿದಂತೆ, ನಡುವೆ ಬಂಗಾರದ ಬಣ್ಣ ಒಡೆದು ಹರಿದಂತೆ. ಹತ್ತಿರ ಹೋದರೆ ಕುಂಚದ ಗೆರೆಗಳು ಕಾಣುತ್ತವೆ, ಬೆರಳಿಟ್ಟರೆ ಬಣ್ಣದ ದಪ್ಪವೇ ಇಲ್ಲ, ಮೇಲ್ಮೈ ನುಣುಪು. ಯಂತ್ರದಲ್ಲಿ ಮುದ್ರಿಸಿದ ಚಿತ್ರ ಚೌಕಟ್ಟಿನ ಅಂಚಿನಲ್ಲಿ ಮಡಚಿಕೊಂಡು ಹಿಂದಕ್ಕೆ ಹೋಗಿರುತ್ತದೆ. ಲಿಫ್ಟಿನಲ್ಲಿ ಮೇಲೆ ಹೋದರೆ ಅದೇ ಚಿತ್ರ, ಈ ಸಲ ಹಸಿರು ಬಣ್ಣದಲ್ಲಿ. ಅಪಾರ್ಟ್‌ಮೆಂಟುಗಳ ಹಾಲಿನಲ್ಲೂ ಸೋಫಾದ ಮೇಲೆ ಇದೇ ವಂಶದ ಚಿತ್ರಗಳು. ಅಂದರೆ ಅಮೂರ್ತ ಕಲೆಯನ್ನು ಈ ಜನ ಈಗಾಗಲೇ ದುಡ್ಡು ಕೊಟ್ಟು ತಂದು, ಅದರ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದಾರೆ. ಅವರಿಗೆ ಸಿಗದೆ ಇರುವುದು ಅದನ್ನು ಬರೆದ ಕೈ. ಆ ಕೈಯನ್ನು ಅವರ ಎದುರಿಗೆ ತಂದು ನಿಲ್ಲಿಸದೆ, ಅವರಿಗೆ ಅಭಿರುಚಿಯಿಲ್ಲ ಎಂದು ಷರಾ ಬರೆಯುವುದು ಪರೀಕ್ಷೆಗೇ ಕೂರಿಸದೆ ಫೇಲು ಮಾಡಿದಂತೆ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಮಾತು: ಕಂಪನಿಗಳ ಸಾಮಾಜಿಕ ಹೊಣೆಯ ಹಣ ಪರಂಪರೆಯ ಕಲೆಗಷ್ಟೇ ಮೀಸಲು, ಸಮಕಾಲೀನ ಕಲೆಗೆ ಕಾನೂನಿನಲ್ಲಿ ಜಾಗವಿಲ್ಲ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪಾರಂಪರಿಕ ಕಲೆ, ಕರಕುಶಲದ ಮಾತು ಇರುವುದು ನಿಜ. ಅದೇ ಬಾಬಿನಲ್ಲಿ ರಾಷ್ಟ್ರೀಯ ಪರಂಪರೆ, ಕಲೆ ಮತ್ತು ಸಂಸ್ಕೃತಿಯ ರಕ್ಷಣೆ ಎಂದೂ ಇದೆ. ಅರ್ಧ ಓದಿ ನಿಲ್ಲಿಸಿದವರ ವಾದ ಇದು. ಇರಲಿ, ಸಾಮಾಜಿಕ ಹೊಣೆಯ ಆ ಎರಡು ಶೇಕಡಾ ಹಣ ನಮಗೆ ಬೇಕೂ ಇಲ್ಲ. ಒಳಾಂಗಣಕ್ಕೆಂದು ಕಂಪನಿಗಳು ಹೇಗೂ ಖರ್ಚು ಮಾಡುತ್ತವೆ. ಆ ಬಿಲ್ಲಿನಲ್ಲಿ ಮುದ್ರಿತ ಕ್ಯಾನ್ವಾಸಿನ ಬದಲು ಕಲಾವಿದರ ಹೆಸರಿರಲಿ ಎಂದಷ್ಟೇ ಕೇಳುತ್ತಿದ್ದೇವೆ.

ಇನ್ನು ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾಗ್ರಾಮ ಇದೆಯಲ್ಲ, ಅಲ್ಲಿ ಸಂಗ್ರಹಾಲಯವೂ ಇದೆ, ಬಕಿಂಗ್‌ಹ್ಯಾಂ ಕಾಲುವೆಯ ಈಚೆಗೆ ಮತ್ತೊಂದು ಯಾಕೆ ಎಂದು ಕೇಳುತ್ತಾರೆ. ಚೋಳಮಂಡಲದ ಹೆಸರೆತ್ತಿದವರು ಅದು ಹುಟ್ಟಿದ ಬಗೆಯನ್ನೂ ಹೇಳಬೇಕಿತ್ತು. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಆ ಮರಳು ನೆಲವನ್ನು ಕೊಂಡದ್ದು ಚಿತ್ರ ಮಾರಿದ ಹಣದಿಂದಲ್ಲ. ಚಿತ್ರ ಕೊಳ್ಳುವವರು ಆಗ ಊರಿನಲ್ಲಿ ಇರಲಿಲ್ಲ. ಅವರು ಬಾಟಿಕ್ ಬಟ್ಟೆಗೆ ಮೇಣ ಹಚ್ಚಿ ಬಣ್ಣ ಅದ್ದಿದರು, ಕರಕುಶಲ ವಸ್ತು ಮಾಡಿ ಮಾರಿದರು, ಆ ಹಣ ಒಟ್ಟು ಹಾಕಿ ನೆಲ ಕೊಂಡರು, ಉಳಿದ ಹೊತ್ತಿನಲ್ಲಿ ಚಿತ್ರ ಬರೆದರು. ಪೋಷಕರಿಲ್ಲದ ಊರಿನಲ್ಲಿ ಕಲಾವಿದರೇ ತಮಗೆ ತಾವು ಪೋಷಕರಾದ ಕಥೆ ಅದು. ಅದನ್ನು ಸಾಹಸವೆಂದು ಕೈಮುಗಿಯುತ್ತೇನೆ. ಆದರೆ ಅದನ್ನೇ ತೋರಿಸಿ ಇಲ್ಲಿ ಪೋಷಣೆ ಇದೆ ಎಂದರೆ ಒಪ್ಪಲಾರೆ, ಏಕೆಂದರೆ ಅದು ಪೋಷಣೆ ಇಲ್ಲದ್ದಕ್ಕೆ ಸಿಕ್ಕ ಅತಿದೊಡ್ಡ ಸಾಕ್ಷ್ಯ. ಆಗ ಪೆರುಂಗುಡಿ ಊರಾಚೆಯ ಹಳ್ಳಿ. 2011ರಲ್ಲಷ್ಟೇ ಅದು ಚೆನ್ನೈ ಮಹಾನಗರಪಾಲಿಕೆಗೆ ಸೇರಿದ್ದು. ಅಂದು ಪಣಿಕ್ಕರ್ ಅವರಿಗೆ ಸಿಗದಿದ್ದ ಸಂಬಳದಾರ ನೆರೆಹೊರೆ ಇಂದು ಇಲ್ಲಿ ಬಂದು ನೆಲೆಸಿದೆ. ಚೋಳಮಂಡಲದ ಶ್ರಮಕ್ಕೆ ಆ ನೆರೆಹೊರೆಯನ್ನು ಜೋಡಿಸುವ ಕೆಲಸ ಮಾತ್ರ ಬಾಕಿ.

‘ಪ್ರಾದೇಶಿಕ’ ಎಂದು ಹಣೆಪಟ್ಟಿ ಹಚ್ಚಿದರೆ ಕಲಾವಿದ ಕುಗ್ಗುತ್ತಾನೆ, ಅದು ತಮಿಳರ ಕೂಟವಾಗುತ್ತದೆ, ಕನ್ನಡಿಗರಾದ ನಮಗೆ ಅಲ್ಲೇನು ಕೆಲಸ ಎಂಬ ಮಾತೂ ಕೇಳಿದ್ದೇನೆ. ಒಂದೇ ಉಸಿರಿನಲ್ಲಿ ಹೇಳುವ ಈ ಮೂರಕ್ಕೂ ಉತ್ತರ ಮದರಾಸಿನಲ್ಲೇ ಇದೆ. ರಾಜಾ ರವಿವರ್ಮ ಮೊದಲು ಹೆಸರು ಮಾಡಿದ್ದು 1873ರಲ್ಲಿ ಮದರಾಸಿನ ಲಲಿತಕಲಾ ಪ್ರದರ್ಶನದಲ್ಲಿ ಗವರ್ನರ್ ಚಿನ್ನದ ಪದಕ ಗೆದ್ದಾಗ. ಮುಂದೆ ಮೈಸೂರು ಅರಮನೆಯವರು ಅವರಿಂದ ಪೌರಾಣಿಕ ಚಿತ್ರಗಳನ್ನು ಬರೆಸಿಕೊಂಡರು, ಕನ್ನಡಿಗರ ಮನೆಮನೆಯ ಗೋಡೆಗೆ ಅವರ ಅಚ್ಚಿನ ಸರಸ್ವತಿ, ಲಕ್ಷ್ಮಿಯರು ಬಂದರು. ಮದರಾಸಿನ ಪ್ರದರ್ಶನ ಅವರನ್ನು ಎಲ್ಲಿ ಕುಗ್ಗಿಸಿತು? ಭಾಷೆಯ ಮಾತಿಗೂ ಇಲ್ಲಿ ಅರ್ಥವಿಲ್ಲ. ಪಣಿಕ್ಕರ್ ಕೊಯಮತ್ತೂರಿನಲ್ಲಿ ಹುಟ್ಟಿದ ಮಲೆಯಾಳಿ, ಅವರ ಬಳಗದ ರೆಡ್ಡಪ್ಪ ನಾಯ್ಡು ತೆಲುಗಿನವರು, ಎಸ್.ಜಿ. ವಾಸುದೇವ್ 1941ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮದರಾಸಿನ ಕಲಾಶಾಲೆಯಲ್ಲಿ ಕಲಿತು ಚೋಳಮಂಡಲದ ಸ್ಥಾಪಕ ಸದಸ್ಯರಾದವರು. 1970ರ ‘ಸಂಸ್ಕಾರ’ ಚಿತ್ರದ ಕಲಾ ನಿರ್ದೇಶನ ಅವರದೇ. ಕನ್ನಡದ ಹೊಸ ಅಲೆಯ ಸಿನಿಮಾಕ್ಕೆ ಕಣ್ಣು ಕೊಟ್ಟವರಲ್ಲೊಬ್ಬರು ಈ ಕಡಲತೀರದವರಾಗಿದ್ದರು ಎಂಬುದು ಗೊತ್ತಿದ್ದೂ ‘ನಮಗೇನು ಕೆಲಸ’ ಎನ್ನುವುದು ಹೇಗೆ?

ಈಗ ಎದುರಾಳಿಗಳು ಒಟ್ಟೊಟ್ಟಿಗೆ ಆಡುವ ಎರಡು ಮಾತುಗಳನ್ನು ಪಕ್ಕಪಕ್ಕ ಇಡೋಣ. ಒಂದು, ಬೆಲೆಪಟ್ಟಿ ಹಚ್ಚಿದರೆ ಕಲೆ ಸರಕಾಗುತ್ತದೆ. ಇನ್ನೊಂದು, ನಿಜವಾದ ಕಲಾವಿದನಿಗೆ ಮುಂಬೈ, ದೆಹಲಿಯ ಹರಾಜಿನಲ್ಲಿ ಕೋಟಿಗಟ್ಟಲೆ ಸಿಗುತ್ತದೆ, ಪೆರುಂಗುಡಿಯ ಸಂಬಳದವರಿಂದ ಏನಾಗಬೇಕು. ಮಾರಾಟ ಮೈಲಿಗೆ ಎನ್ನುವವರಿಗೆ ಹರಾಜು ಮಾತ್ರ ಮಡಿ ಹೇಗಾಯಿತು? ಎರಡರಲ್ಲಿ ಯಾವುದಾದರೂ ಒಂದನ್ನು ಅವರು ಕೈಬಿಡಲೇಬೇಕು. ಹರಾಜನ್ನೇ ಹಿಡಿದುಕೊಳ್ಳುವುದಾದರೆ 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋದ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ಯನ್ನೇ ನೋಡಲಿ. 1954ರಲ್ಲಿ ಅದನ್ನು ಕೊಂಡವರು ಕೆಲಸದ ಮೇಲೆ ದೆಹಲಿಗೆ ಬಂದಿದ್ದ, ನಾರ್ವೆಯಲ್ಲಿ ನೆಲೆಸಿದ್ದ ವೈದ್ಯರು. ಮಹಾರಾಜರೂ ಅಲ್ಲ, ಗಿರಣಿ ಮಾಲೀಕರೂ ಅಲ್ಲ. ಆಮೇಲೆ ಅದು ದಶಕಗಳ ಕಾಲ ಓಸ್ಲೋದ ಆಸ್ಪತ್ರೆಯ ವಶದಲ್ಲಿತ್ತು. ಹುಸೇನರು ತೀರಿಕೊಂಡದ್ದು 2011ರಲ್ಲಿ. ಆ ಚಿತ್ರದಿಂದ ಅವರ ಕೈಗೆ ಬಂದದ್ದು ಆ ಮೊದಲ ಖರೀದಿಯ ಹಣ. ಕಲಾವಿದನ ಬಾಡಿಗೆ, ಬಣ್ಣ, ಮಕ್ಕಳ ಶಾಲೆಯ ಫೀಸು ಎಲ್ಲವೂ ಮೊದಲ ಖರೀದಿದಾರನ ಮೇಲೆ ನಿಂತಿವೆ. ಆ ಖರೀದಿದಾರ ಸಂಬಳದ ಮನುಷ್ಯನೇ ಆಗಿರಬಹುದೆಂದು ಅವರ ಉದಾಹರಣೆಯೇ ಹೇಳುತ್ತಿದೆ.

ಸರ್ಕಾರ ಮಾಡಲಿ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಗ್ರೀಮ್ಸ್ ರಸ್ತೆಯಲ್ಲಿ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರವಿದೆ, ಅದು ಜಾಗ ಕೊಡುತ್ತದೆ, ಸಂತೋಷ. ಸರ್ಕಾರದ ಆಸರೆಯೊಂದನ್ನೇ ನಂಬಿದರೆ ಏನಾಗಬಹುದು ಎಂಬುದನ್ನು ಬೆಂಗಳೂರು ಕಂಡಿದೆ. ಅಲ್ಲಿನ ಸರ್ಕಾರಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರ ಉಸ್ತುವಾರಿಗೆ ಒಪ್ಪಿಸುವ ಪ್ರಸ್ತಾಪ ಬಂದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದು ಅದನ್ನು ಕಾಯಬೇಕಾಯಿತು.

ಕೊನೆಯ ಆಕ್ಷೇಪ ಬೆಂಗಳೂರಿನ ಚಿತ್ರಸಂತೆಯನ್ನು ಹಿಡಿದು ಬರುತ್ತದೆ: ಜನರಿಗೆ ಬಿಟ್ಟುಕೊಟ್ಟರೆ ಮಟ್ಟ ಇಳಿಯುತ್ತದೆ, ಕುದುರೆ, ಬುದ್ಧ, ಗಣಪತಿಗಳೇ ತುಂಬಿಕೊಳ್ಳುತ್ತವೆ. ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಅಂಥ ಚಿತ್ರಗಳು ಇವೆ, ಇಲ್ಲವೆನ್ನುವುದಿಲ್ಲ. ಆದರೆ 2003ರಿಂದ ಚಿತ್ರಕಲಾ ಪರಿಷತ್ತು ನಡೆಸಿಕೊಂಡು ಬಂದ ಆ ಒಂದು ದಿನ, ಗ್ಯಾಲರಿಯ ಗಾಜಿನ ಬಾಗಿಲು ಕಂಡರೆ ಹಿಂಜರಿಯುವ ಕುಟುಂಬಗಳನ್ನು ಕಲಾವಿದನ ಎದುರು ತಂದು ನಿಲ್ಲಿಸಿತು. ಇದೆಷ್ಟು, ಇದನ್ನು ಹೇಗೆ ಮಾಡಿದಿರಿ ಎಂದು ಅವರು ಬಾಯಿಬಿಟ್ಟು ಕೇಳುವಂತಾಯಿತು. ಆಗಲೇ ಹೇಳಿದ್ದನ್ನು ನೆನಪಿಸಿಕೊಳ್ಳಿ: ಜನ ಬರುವುದಿಲ್ಲ ಎಂದು ಮೊದಲು ಅಂದವರೇ ಈಗ ಜನ ಬಂದರೆ ಕೆಡುತ್ತದೆ ಎನ್ನುತ್ತಿದ್ದಾರೆ. ಪೆರುಂಗುಡಿಯದು ಸಂತೆಯಲ್ಲ, ಆಯ್ಕೆ ಸಮಿತಿ ಇರುವ ಪ್ರದರ್ಶನ. ಕೃತಿಗಳನ್ನು ಆರಿಸುವವರು ಯಾರು, ಯಾವ ನಿಯಮದ ಮೇಲೆ, ಮಾರಾಟದ ಹಣದಲ್ಲಿ ಕಲಾವಿದರಿಗೆಷ್ಟು, ಕಂತಿನಲ್ಲಿ ಕೊಳ್ಳುವವರಿಗೆ ಏನು ಅನುಕೂಲ, ಎಲ್ಲವೂ ಅರ್ಜಿ ಕರೆಯುವ ಮೊದಲೇ ಪ್ರಕಟವಾಗಲಿ. ಮಟ್ಟದ ಬಗ್ಗೆ ಇಷ್ಟು ಕಾಳಜಿ ಇರುವವರು ದಯವಿಟ್ಟು ಆ ಸಮಿತಿಯಲ್ಲಿ ಬಂದು ಕೂರಲಿ. ಕುರ್ಚಿ ಖಾಲಿ ಇಟ್ಟಿರುತ್ತೇವೆ.