ಸರ್ವರಿಗೊಂದು ಎತ್ತು

ವಿದ್ಯಾರ್ಥಿವೇತನದ ಅರ್ಜಿ ಹಾಕಲು ಮೂರು ದಿನ ಅಲೆದೆ. ದೊರೆತ ಉತ್ತರ ಒಂದೇ: "ಸರ್ವರ್ ಡೌನ್." ನಾಲ್ಕನೆಯ ದಿನ ಗಡುವೇ ಮುಗಿದಿತ್ತು.

"ಗಾಣಕ್ಕೆ ಕಟ್ಟುವಂತೆ ಅದಕ್ಕೂ ಎತ್ತು ಕಟ್ಟಬಾರದೇನಯ್ಯಾ?" ಎಂದು ಗೆಳೆಯ ನಕ್ಕ. ನನಗೂ ಸರಿಯೆನಿಸಿತು. ಕುದುರೆಯ ದುಡಿಮೆ ನೋಡಿಯೇ ಅಲ್ಲವೇ ಜೇಮ್ಸ್ ವ್ಯಾಟ್ ಮಹಾಶಯನು ಅಶ್ವಶಕ್ತಿಯ ಅಳತೆ ಕಟ್ಟಿದ್ದು? ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವ್ಯಾಟ್. ಎತ್ತಿನ ಬಲ ಅದರಲ್ಲಿ ಅರ್ಧವೆಂದರೂ ಸಾಧಾರಣ ಸರ್ವರೊಂದು ನಡೆದೀತು.

ಎತ್ತು ದಣಿದರೆ ಒಡೆಯ ಹುಲ್ಲು ನೀರು ಕೊಟ್ಟು ಬದಲಿ ಎತ್ತು ಹೂಡುತ್ತಾನೆ. ಸರ್ವರ್ ನಿಂತರೆ ಮಾತ್ರ ಕೇಳುವ ಒಡೆಯನೇ ಇಲ್ಲ! ಎತ್ತು ನಿಂತದ್ದಕ್ಕೆ ಗಿರಾಕಿಗೆ ದಂಡ ಹಾಕಿದ ಗಾಣಿಗನನ್ನು ನಾನು ಕಂಡಿಲ್ಲ. ಸರ್ವರ್ ನಿಂತಷ್ಟು ದಿನ ಗಡುವನ್ನೂ ಮುಂದೂಡಲಿ; ನನ್ನ ಬಿನ್ನಹ ಇಷ್ಟೆ.