ಎಕರೆಗೆ ಮಾರಿದ ನೆಲ, ಅಡಿಗೆ ಕೊಳ್ಳುವ ಸೈಟು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು - ಈ ಊರುಗಳ ಅಂಚಿಗೆ ನಡೆದು ನೋಡಿ. ನಿನ್ನೆ ಮೊನ್ನೆ ಜೋಳ ಬಿತ್ತಿದ್ದ ಹೊಲದಲ್ಲಿ ಈಗ ಕಲ್ಲು ನೆಟ್ಟಿದೆ. ಮುಂದೆ ಒಂದು ಕಮಾನು, ಅದರ ಮೇಲೆ ಯಾವುದೋ ದೇವರ ಹೆಸರು, "ಸೈಟುಗಳು ಮಾರಾಟಕ್ಕಿವೆ" ಅನ್ನೋ ಬೋರ್ಡು. ಊರು ಬೆಳೀತಾ ಇದೆ, ಸೈಟಿಗೆ ರೇಟು ಬಂದಿದೆ ಅಂತ ಎಲ್ಲರೂ ಖುಷಿಯಲ್ಲಿದ್ದಾರೆ. ರೇಟು ಯಾರ ಮನೆಗೆ ಬಂತು, ಯಾರ ಮನೆಗೆ ಬರಲಿಲ್ಲ ಅಂತ ಕೇಳುವವರಿಲ್ಲ. ನಾವು ಕೇಳೋಣ.

ಬೆಲೆ ಆಕಾಶದಿಂದ ಉದುರುವುದಿಲ್ಲ. ಚನ್ನಗಿರಿಯಲ್ಲಿ ಅಡಿಕೆ ದುಡ್ಡು ಸೈಟಾಗುತ್ತದೆ. ನ್ಯಾಮತಿ ತಾಲ್ಲೂಕಾಗುತ್ತದೆ ಅಂತ 2017ರ ಬಜೆಟ್ಟಿನಲ್ಲಿ ಸಾರಿದರು. ತಾಲ್ಲೂಕು ಕಚೇರಿ ಬಂದಲ್ಲಿಗೆ ನೌಕರರು, ವಕೀಲರು, ಅಂಗಡಿಗಳು ಬರುತ್ತಾರೆ, ಸುತ್ತಲ ಹೊಲದ ಬೆಲೆ ಏರುತ್ತದೆ. ಮಳೆ ಕೈಕೊಡುವ ಜಗಳೂರಿಗೆ 57 ಕೆರೆ ತುಂಬಿಸುವ ಯೋಜನೆ ಬಂತು. ಇಂಥ ಕಡೆ ನೀರಿಗಿಂತ ಮೊದಲು ದಲ್ಲಾಳಿ ಬರುತ್ತಾನೆ. ರಸ್ತೆ, ನಾಲೆ, ಕಚೇರಿ ಇವೆಲ್ಲ ಎಲ್ಲರ ದುಡ್ಡು. ನಾಲೆ ತೋಡಿದ್ದು, ಜಲ್ಲಿ ಹೊತ್ತದ್ದು ನಮ್ಮ ಕೇರಿಯ ಜನ. ಏರಿದ ಬೆಲೆ ಮಾತ್ರ ಪಹಣಿಯಲ್ಲಿ ಹೆಸರಿರುವವನ ಜೇಬಿಗೆ.

ಪಹಣಿಯಲ್ಲಿ ನಮ್ಮ ಹೆಸರು ಯಾಕಿಲ್ಲ? 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೇ ಆಗಿರಲಿಲ್ಲ, ಕೂಲಿಗಳು, ಜೀತದಾಳುಗಳು. ಅಲ್ಲೊಬ್ಬ ಇಲ್ಲೊಬ್ಬನಿಗೆ ಸರ್ಕಾರದಿಂದ ಎರಡೆಕರೆ ಮಂಜೂರಾದರೆ, ಮದುವೆಗೋ ಕಾಯಿಲೆಗೋ ಸಾಲ ಮಾಡಿ ಅದೂ ಕೈಬಿಟ್ಟಿತು. ಹೀಗಾಗಬಾರದು ಅಂತಲೇ 1978ರ ಪಿಟಿಸಿಎಲ್ ಕಾಯ್ದೆ ಬಂದದ್ದು. ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ, ಉಪವಿಭಾಗಾಧಿಕಾರಿ ಅದನ್ನು ವಾಪಸ್ಸು ಕೊಡಿಸಬೇಕು. 2017ರಲ್ಲಿ ಸುಪ್ರೀಂ ಕೋರ್ಟು "ತಡವಾಗಿ ಬಂದಿರಿ" ಅಂದಿತು. ಕಾಲಮಿತಿ ಇಲ್ಲ ಅಂತ 2023ರಲ್ಲಿ ಕಾಯ್ದೆ ತಿದ್ದಿದರು. ಆದರೂ ಕೋರ್ಟುಗಳಲ್ಲಿ ತಡದ ವಾದ ನಿಂತಿಲ್ಲ. ಈ ನಡುವೆ 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿದರು. ಈಗ ನೇಗಿಲು ಮುಟ್ಟದ ದುಡ್ಡಿನವನೂ ಹೊಲ ಕೊಳ್ಳಬಹುದು.

ಸ್ವಲ್ಪ ಲೆಕ್ಕ ಮಾಡೋಣ. ಒಂದೆಕರೆ ಅಂದರೆ 40 ಗುಂಟೆ, 43,560 ಚದರಡಿ. ರಸ್ತೆಗೆ, ಪಾರ್ಕಿಗೆ ಅರ್ಧ ಬಿಟ್ಟರೂ 30x40ರ 18 ಸೈಟು ಆಗುತ್ತವೆ. ಕೊಳ್ಳುವಾಗ ಎಕರೆ ಲೆಕ್ಕ, ಮಾರುವಾಗ ಅಡಿ ಲೆಕ್ಕ. ಹೊಲ ಮಾರಿದವನ ಮಗ ಓದಿ, ನೌಕರಿ ಹಿಡಿದು, ಅದೇ ಹೊಲದಲ್ಲಿ ಒಂದು ಸೈಟು ಕೇಳಲು ಹೋದರೆ, ಅಪ್ಪ ಇಡೀ ಎಕರೆಗೆ ತಗೊಂಡ ದುಡ್ಡು ಅಡ್ವಾನ್ಸಿಗೂ ಸಾಲುವುದಿಲ್ಲ.

ದುಡ್ಡು ಹೊಂದಿಸಿದರೂ ಮುಗಿಯಲಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ಮೊದಲ ಪ್ರಶ್ನೆ, "ನಿಮ್ದು ಯಾವ ಪೈಕಿ?" ಹೇಳಿದ ಕೂಡಲೇ, "ಅಯ್ಯೋ, ಬೇರೆಯವ್ರಿಗೆ ಮಾತು ಕೊಟ್ಬಿಟ್ಟಿದೀವಲ್ಲ ಸಾರ್." ಬೋರ್ಡು ಮಾತ್ರ ಮುಂದಿನ ತಿಂಗಳೂ ಅಲ್ಲೇ ನೇತಾಡುತ್ತಿರುತ್ತದೆ. 1917ರಲ್ಲಿ ವಿದೇಶದಲ್ಲಿ ಓದಿ ಬರೋಡಾದ ನೌಕರಿಗೆ ಬಂದ ಬಾಬಾಸಾಹೇಬರಿಗೇ ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿ ಉಳಿದರು, ದೊಣ್ಣೆ ಹಿಡಿದು ಬಂದವರು ಅಲ್ಲಿಂದಲೂ ಹೊರಹಾಕಿದರು. ನೂರು ವರ್ಷ ದಾಟಿತು. ದೊಣ್ಣೆ ಹೋಗಿದೆ, ನಯವಾದ ಮಾತು ಬಂದಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ನೋಡಿ: ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ವಾಸಿಸುವುದಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ನಯವಾದ ಮಾತಿಗೆ ಸಾಕ್ಷಿ ಯಾರು?

ಇನ್ನು ಕೇರಿಯ ಮನೆ. ಅದೇ ಇಟ್ಟಿಗೆ, ಅದೇ ಸಿಮೆಂಟು, ಕಟ್ಟಿದವನೂ ಅದೇ ಗಾರೆಯವನು. ಪೇಟೆ ಬೀದಿಯಲ್ಲಿ ಅದಕ್ಕೆ ಬೆಲೆ ಇದೆ, ಕೇರಿಯಲ್ಲಿ ಇಲ್ಲ. ಯಾಕೆ? ಬೆಲೆ ಅಂದರೆ ಕೊಳ್ಳುವವನು ಇರಬೇಕು. ಕೇರಿಯ ಮನೆಯನ್ನು ಮೇಲಿನವನು ಕೊಳ್ಳುವುದಿಲ್ಲ, ಕೊಳ್ಳಬೇಕೆನ್ನುವ ನಮ್ಮವನ ಹತ್ತಿರ ದುಡ್ಡಿಲ್ಲ. ಕೈಯಲ್ಲಿರುವುದು ಜನತಾ ಮನೆಯ, ಆಶ್ರಯ ಮನೆಯ ಹಕ್ಕುಪತ್ರ. ಎಷ್ಟೋ ಮನೆಗಳಿಗೆ ಖಾತೆಯೇ ಆಗಿಲ್ಲ. ಹೊನ್ನಾಳಿಯ ಬಾಲರಾಜ ಘಾಟಿನಂಥ ತಗ್ಗಿನಲ್ಲಿ ತುಂಗಭದ್ರೆ ತುಂಬಿದಾಗ ಮನೆಯೊಳಗೆ ನೀರು. ಎತ್ತರದ ಸೈಟು ಕೊಳ್ಳಲಾರದ ಬಡವರು, ಯಾವ ಜಾತಿಯವರಾದರೂ, ಮತ್ತೆ ಅಲ್ಲಿಗೇ ಹೋಗಬೇಕು.

ಇದು ಅಪ್ಪ-ಅಮ್ಮಂದಿರ ತಾಪತ್ರಯ, ನಮಗೇನು ಅಂತ ಹಾಸ್ಟೆಲಿನಲ್ಲಿ ಕೂತು ಅಂದುಕೊಳ್ಳಬೇಡಿ. ಓದಿನ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತದೆ. ಪೇಟೆ ಬೀದಿಯ ಹುಡುಗ ಮನೆಪತ್ರ ಇಟ್ಟು ಡಾಕ್ಟರಾಗುತ್ತಾನೆ. ಕೇರಿಯ ಹುಡುಗಿ ಅಷ್ಟೇ ಅಂಕ ತೆಗೆದರೂ ಅವಳ ಮನೆಪತ್ರ ಮ್ಯಾನೇಜರ ಮೇಜಿನಿಂದ ಹಾಗೇ ವಾಪಸ್ಸು ಬರುತ್ತದೆ. ಮನೆಗೆ ಬೆಲೆ ಇಲ್ಲದಿದ್ದರೆ ಅಂಕಕ್ಕೂ ಪೂರ್ತಿ ಬೆಲೆ ಇಲ್ಲ.

ಆದ್ದರಿಂದ ಈ ರಜೆಯಲ್ಲಿ ಮೂರು ಕೆಲಸ ಮಾಡೋಣ. ಒಂದು, ಮನೆಯ ಟ್ರಂಕಿನಲ್ಲಿರೋ ಕಾಗದ ಹೊರಗೆ ತೆಗೆಯೋಣ - ಸಾಗುವಳಿ ಚೀಟಿ, ಹಕ್ಕುಪತ್ರ, ಕಂದಾಯ ರಸೀದಿ. ಖಾತೆ ಆಗದಿದ್ದರೆ ಕೇರಿಯವರೆಲ್ಲ ಒಟ್ಟಿಗೆ ಅರ್ಜಿ ಹಾಕೋಣ. ಎರಡು, ಮಂಜೂರಾಗಿ ಕೈತಪ್ಪಿದ ಜಮೀನಿನ ಸರ್ವೆ ನಂಬರು ಬರೆದು ತರೋಣ. ಇನ್ನು ತಡ ಮಾಡಿದರೆ ಆ ತಡವೇ ಎದುರಾಳಿಯ ವಕೀಲನಾಗುತ್ತದೆ. ಮೂರು, ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಪಟ್ಟಿಯಲ್ಲಿ ನಮ್ಮ ಕೇರಿಗೆ ಎಷ್ಟು, ಪಕ್ಕದ ಬೀದಿಗೆ ಎಷ್ಟು ಅಂತ ಓದಿ ಸಭೆಯಲ್ಲಿ ಹೇಳೋಣ.

ನಮಗೆ ಸೈಟು ಕೊಡುವಾಗ ಊರಾಚೆ ಇನ್ನೊಂದು ಕೇರಿ ಕಟ್ಟುವುದು ಬೇಡ, ಊರೊಳಗೆ ಕೊಡಲಿ. ಎಷ್ಟು ಮನೆ ಕೊಟ್ಟೆವು ಅಂತ ವೇದಿಕೆಯ ಮೇಲೆ ಲೆಕ್ಕ ಓದುವವರನ್ನು ನಾವು ಎದ್ದು ನಿಂತು ಕೇಳಬೇಕು: ಸ್ವಾಮಿ, ಯಾವ ಬೀದಿಯಲ್ಲಿ ಕೊಟ್ಟಿರಿ?