ಹಿಟ್ಟಿನ ಕೋಳಿ ಮತ್ತು ಸೋಯಾದ ಉಂಡೆ



ಕೆಲವು ತಿಂಗಳ ಹಿಂದೆ ಆಳಂದದಲ್ಲಿ ನನ್ನ ತಮ್ಮನ ಮಗನ ಹೊಸ ಮನೆಯ ಪ್ರವೇಶ ನೆರವೇರಿತು. ನಿಮ್ಮಲ್ಲಿ ಅನೇಕರು ಬಂದಿದ್ದಿರಿ. ಮರುದಿನ ಮನೆಮಂದಿ ಮಾತ್ರ ಉಳಿದಿದ್ದಾಗ ನಡೆದ ಸಂಗತಿಯೊಂದು ನನ್ನ ಮನಸ್ಸನ್ನು ಕೊರೆಯುತ್ತಿದೆ. ಅಂದು ನಾನು ಮಾತನಾಡಬೇಕಾಗಿತ್ತು, ಆಡಲಿಲ್ಲ. ಅಂದು ಆಡದ ಮಾತನ್ನು ಇಂದು ಬರೆಯುತ್ತಿದ್ದೇನೆ.

ಆ ಮನೆಯ ಸೊಸೆ ಜೇವರ್ಗಿ ಕಡೆಯವಳು. ಅವಳ ತವರಿನಲ್ಲಿ ಭಾನುವಾರವೆಂದರೆ ಮಟನ್. ನಮ್ಮ ಮನೆಗೆ ಬಂದ ಮೇಲೆ, ಯಾರೂ ಒತ್ತಾಯಿಸದೆ, ತಾನಾಗಿಯೇ ಅದನ್ನು ಬಿಟ್ಟಳು. ಮರುದಿನ ಮಧ್ಯಾಹ್ನ ಆಕೆ ತನ್ನ ತಾಯಿ ರುಬ್ಬುತ್ತಿದ್ದ ಮಸಾಲೆಯನ್ನೇ ರುಬ್ಬಿ, ಅದರಲ್ಲಿ ಸೋಯಾದ ಉಂಡೆಗಳನ್ನು, ಎಂದರೆ ನಮ್ಮ ಅಂಗಡಿಗಳಲ್ಲಿ ಮೀಲ್ ಮೇಕರ್ ಎಂದು ಕೇಳಿ ಕೊಳ್ಳುವ ಪದಾರ್ಥವನ್ನು ಹಾಕಿ, ಜೋಳದ ರೊಟ್ಟಿಯೊಡನೆ ಬಡಿಸಿದಳು. ನಮ್ಮ ಹಿರಿಯರೊಬ್ಬರು ಎರಡು ತುತ್ತು ತಿಂದವರು ತಟ್ಟೆ ದೂಡಿದರು. "ಇದೇನವ್ವಾ, ತುಂಡಿನಂಗೇ ಅದ. ಆಸಿ ಇದ್ರ ಖರೇ ಮಾಂಸಾನೇ ತಿನ್ನಬೇಕು, ಈ ಸೋಗು ಯಾಕ?" ಎಂದರು. ಪಂಕ್ತಿಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಅವನು ಮಾಂಸಾಹಾರಿ, "ಹೌದ್ರಿ ಸರ, ನಮ್ಮ ರುಚಿ ಬೇಕು, ನಮ್ಮ ಹೆಸರು ಬ್ಯಾಡ" ಎಂದು ನಕ್ಕ. ಹುಡುಗಿ ಅಡುಗೆಮನೆಗೆ ಹೋದವಳು ಊಟ ಮುಗಿಯುವವರೆಗೆ ಹೊರಗೆ ಬರಲಿಲ್ಲ. ನಾನು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕುಳಿತಿದ್ದೆ.

ಆ ಹಿರಿಯರ ಹೆಸರು ಬರೆಯುವುದಿಲ್ಲ. ಅವರು ಇದನ್ನು ಓದುವರು, ಓದಲಿ.

ಶಾಕಾಹಾರಿಯೊಬ್ಬ ಮಾಂಸವನ್ನು ಹೋಲುವ ಸಸ್ಯಪದಾರ್ಥವನ್ನು ತಿಂದರೆ ಅವನ ಮನಸ್ಸಿನಲ್ಲಿ ಮಾಂಸದ ಆಸೆ ಇದೆ. ಆಸೆ ಇದ್ದೂ ತಿನ್ನದಿರುವುದು ಆಷಾಢಭೂತಿತನ. ಇದು ಆರೋಪ. ಅದನ್ನು ಶಾಕಾಹಾರಿಗಳೂ ಮಾಡುತ್ತಾರೆ, ಮಾಂಸಾಹಾರಿಗಳೂ ಮಾಡುತ್ತಾರೆ. ಇಬ್ಬರೂ ಒಪ್ಪಿದರೆಂದ ಮಾತ್ರಕ್ಕೆ ಆರೋಪ ನಿಜವಾಗದು.

ಮೊದಲು ಕೇಳಬೇಕಾದುದು: ಮಾಂಸವನ್ನು ಬಿಟ್ಟವರು ಬಿಟ್ಟದ್ದು ಏನನ್ನು? ರುಚಿಯನ್ನೋ, ಕೊಲೆಯನ್ನೋ? ನಮ್ಮ ಭಾಗದ ಮಟನ್ ಸಾರಿನಲ್ಲಿ ಏನಿರುತ್ತದೆ ಎಂದು ವಿಚಾರಿಸಿ ನೋಡಿ. ಬೆಳ್ಳುಳ್ಳಿ, ಶುಂಠಿ, ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಗಸಗಸೆ, ಲವಂಗ, ದಾಲ್ಚಿನ್ನಿ, ಕಲ್ಲುಹೂ, ಒಣಮೆಣಸಿನಕಾಯಿ. ಇವೆಲ್ಲವೂ ಮಣ್ಣಿನಿಂದ ಬಂದವು. ಯಾವುದನ್ನು ನಾವು 'ಮಾಂಸದ ರುಚಿ' ಎಂದು ಹೀಗಳೆಯುತ್ತೇವೆಯೋ ಅದರಲ್ಲಿ ಬಹುಪಾಲು ಗಿಡಮರಗಳದ್ದೇ. ಅಹಿಂಸೆಯ ಕಾರಣದಿಂದ ಮಾಂಸ ತ್ಯಜಿಸಿದವನು ನಾಲಿಗೆಗೆ ಮಾಡಿದ ಪ್ರತಿಜ್ಞೆ ಯಾವುದೂ ಇಲ್ಲ. ಅವನ ಪ್ರತಿಜ್ಞೆ ಇರುವುದು ಕುರಿಗೆ, ಕೋಳಿಗೆ. ಆ ಪ್ರತಿಜ್ಞೆ ಅವನ ತಟ್ಟೆಯಲ್ಲಿ ಅಖಂಡವಾಗಿದೆ.

ಇಲ್ಲಿ ನನ್ನ ಕನ್ನಡ ತರಗತಿಯ ಜಾಣ ವಿದ್ಯಾರ್ಥಿಯೊಬ್ಬ ಕೈಯೆತ್ತಿ ಜನ್ನನನ್ನು ನೆನಪಿಸಬಹುದು. ನೆನಪಿಸಲೇಬೇಕು. 1209ರಲ್ಲಿ ಹೊಯ್ಸಳರ ಆಸ್ಥಾನಕವಿ ಜನ್ನ 'ಯಶೋಧರ ಚರಿತೆ'ಯನ್ನು ಬರೆದ. ದುಃಸ್ವಪ್ನದ ಪರಿಹಾರಕ್ಕೆ ದೇವಿಗೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಮಗ ಯಶೋಧರನನ್ನು ಒತ್ತಾಯಿಸುತ್ತಾಳೆ. ಜೈನಧರ್ಮದ ರಾಜ ಜೀವಬಲಿಗೆ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನ ಕೋಳಿಯನ್ನು ಮಾಡಿಸಿ ಕತ್ತಿಯಿಂದ ಹೊಡೆಯುತ್ತಾನೆ. ಆ ಹಿಟ್ಟಿನ ಕೋಳಿಯೊಳಗಿಂದ ಕೂಗು ಕೇಳಿಬರುತ್ತದೆ. ಆ ಒಂದು ಏಟಿನ ಫಲವಾಗಿ ತಾಯಿಮಗ ಇಬ್ಬರೂ ನವಿಲಾಗಿ, ನಾಯಿಯಾಗಿ, ಮತ್ತೆ ಮತ್ತೆ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. "ಹಾಗಾದರೆ ಸರ, ಹಿಟ್ಟಿನ ಕೋಳಿ ಕಡಿದವನಿಗೇ ಆ ಗತಿಯಾದರೆ, ಸೋಯಾದ ಮಾಂಸ ತಿಂದವನ ಗತಿ ಏನು?"

ಪ್ರಶ್ನೆ ಒಳ್ಳೆಯದು. ಆದರೆ ಜನ್ನ ಖಂಡಿಸಿದ್ದು ಹಿಟ್ಟನ್ನಲ್ಲ, ಆಕಾರವನ್ನೂ ಅಲ್ಲ, ಸಂಕಲ್ಪವನ್ನು. ಯಶೋಧರನ ಕೈಯಲ್ಲಿ ಕತ್ತಿ ಇತ್ತು, ಎದುರಿಗೆ ದೇವಿ ಇದ್ದಳು, ಕೊಂದುದರ ಫಲ ಬೇಕು ಎಂಬ ಅಪೇಕ್ಷೆ ಇತ್ತು. ಕೊಲೆಗೆ ಬೇಕಾದ ಎಲ್ಲವೂ ಅಲ್ಲಿತ್ತು, ಜೀವವೊಂದನ್ನುಳಿದು. ಅವನು ಕೊಲ್ಲುವ ಕ್ರಿಯೆಯನ್ನು ಉಳಿಸಿಕೊಳ್ಳಲು ಹಿಟ್ಟನ್ನು ತಂದ. ನಮ್ಮ ಮನೆಯ ಹುಡುಗಿ ಕೊಲ್ಲುವ ಕ್ರಿಯೆಯನ್ನು ನಿಲ್ಲಿಸಲು ಸೋಯಾವನ್ನು ತಂದಳು. ಜನ್ನನ ತಕ್ಕಡಿಯಲ್ಲಿಯೇ ತೂಗಿದರೂ ಈ ಎರಡು ಸಂಕಲ್ಪಗಳು ಒಂದಕ್ಕೊಂದು ಎದುರುಬದುರು. ಜನ್ನನನ್ನು ಅರ್ಧ ಓದಿದವರು ಮಾತ್ರ ಅವನನ್ನು ಅವಳ ವಿರುದ್ಧ ಸಾಕ್ಷಿಗೆ ಕರೆದಾರು.

ಅದೇ ಶತಮಾನದಲ್ಲಿ, ಅದೇ ಕನ್ನಡ ನಾಡಿನಲ್ಲಿ, ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಜೀವಂತ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನು ಒಪ್ಪಿಕೊಂಡಿತು. ಜನ್ನ ಬೇಡವೆಂದದ್ದನ್ನು ಮಧ್ವಮತ ಆಗಬಹುದು ಎಂದಿತು. ಎರಡೂ ಕಡೆಯವರಿಗೆ ಪ್ರಾಣಿಯ ಜೀವ ಉಳಿಯಬೇಕೆಂಬ ಕಳಕಳಿಯೇ ಮೂಲ. ನಮ್ಮ ಪೂರ್ವಿಕರು ಇಷ್ಟು ಗಂಭೀರವಾಗಿ ಚರ್ಚಿಸಿದ ವಿಷಯವನ್ನು ನಾವು ಊಟದ ಪಂಕ್ತಿಯ ಕುಹಕಕ್ಕೆ ಇಳಿಸಿದ್ದೇವೆ.

ಇನ್ನು ಆ ಹಿರಿಯರ ವಿಷಯ. ಹಿಂದಿನ ದಿನ ಹೊಸ ಮನೆಯ ಹೊಸ್ತಿಲ ಮುಂದೆ ಬೂದುಗುಂಬಳಕಾಯಿ ಒಡೆದವರು ಅವರೇ. ಕಾಯಿಯನ್ನು ಕೊರೆದು, ಒಳಗೆ ಕುಂಕುಮ ತುಂಬಿ, ನೆಲಕ್ಕೆ ಅಪ್ಪಳಿಸಿ, ಕೆಂಪು ಹರಡಿದ ಮೇಲೆ ತೃಪ್ತರಾಗಿ ಕೈ ತೊಳೆದುಕೊಂಡರು. ಆ ಕುಂಬಳಕಾಯಿ ಯಾರ ಬದಲಿ? ಆ ಕುಂಕುಮ ಯಾವುದರ ಬದಲಿ? ಆಯುಧಪೂಜೆಯ ದಿನ ಪ್ರತಿಯೊಂದು ಗಾಡಿಯ ಮುಂದೆಯೂ ಇದೇ ನಡೆಯುತ್ತದೆ. ಬಲಿಯ ಬದಲಿಗೆ ಕಾಯಿ ಒಡೆಯುವುದು ಸಂಸ್ಕೃತಿಯಾದರೆ, ಮಾಂಸದ ಬದಲಿಗೆ ಕಾಳಿನ ಉಂಡೆ ಬೇಯಿಸುವುದು ಸೋಗು ಹೇಗಾದೀತು? ನಮ್ಮ ರಾಜ್ಯದಲ್ಲಿ 1959ರಲ್ಲಿಯೇ ಪ್ರಾಣಿಬಲಿ ನಿಷೇಧದ ಕಾಯ್ದೆ ಬಂದಿತು. ಕಾಯ್ದೆಯೊಂದೇ ಬಲಿಯನ್ನು ನಿಲ್ಲಿಸಲಾರದು. ಜನರ ಕೈಗೆ ಬದಲಿ ವಸ್ತುವೊಂದು ಬೇಕು. ಬಿಡು ಎನ್ನುವವನು ಹಿಡಿದುಕೊಳ್ಳಲು ಏನನ್ನಾದರೂ ಕೊಡಬೇಕು.

ಬದಲಿ ಆಹಾರ ನಿನ್ನೆ ಮೊನ್ನೆಯದೂ ಅಲ್ಲ. ಚೀನಾದ ಬೌದ್ಧ ವಿಹಾರಗಳಲ್ಲಿ ಗೋಧಿಹಿಟ್ಟನ್ನು ತೊಳೆದು ಉಳಿಯುವ ಅಂಟಿನಿಂದ ಮಾಂಸವನ್ನು ಹೋಲುವ ಅಡುಗೆ ಮಾಡುವ ಪದ್ಧತಿ ಶತಮಾನಗಳಷ್ಟು ಹಳೆಯದು. ಹರಕೆ ಹೊತ್ತು ಬಂದ ಮಾಂಸಾಹಾರಿ ಅತಿಥಿಗಳಿಗೆ ಅಲ್ಲಿನ ಭಿಕ್ಷುಗಳು ಅದನ್ನೇ ಬಡಿಸುತ್ತಿದ್ದರು. ಇಂದು ಅಮೆರಿಕದಲ್ಲಿ ಬಟಾಣಿ, ಸೋಯಾಗಳಿಂದ ಮಾಡಿದ ಮಾಂಸಸದೃಶ ಪದಾರ್ಥಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಮಾಂಸಾಹಾರಿಗಳೇ; ವಾರಕ್ಕೆ ಎರಡು ದಿನವಾದರೂ ಕಡಿಮೆ ಮಾಡೋಣವೆಂದು ಹೊರಟವರು. ಅಲ್ಲಿರುವ ನನ್ನ ವಿದ್ಯಾರ್ಥಿಗಳೂ ಇದನ್ನು ಹೇಳಿದ್ದಾರೆ. ಸಹೋದ್ಯೋಗಿಗಳ ಪಂಕ್ತಿಯಲ್ಲಿ ಬರೀ ಎಲೆ ಮೇಯುತ್ತ ಕುಳಿತುಕೊಳ್ಳುವ ಸಂಕೋಚ ತಪ್ಪಿತು ಎಂದು ಒಬ್ಬಳು ಬರೆದಿದ್ದಳು. ಜೊತೆಯಲ್ಲಿ ಉಣ್ಣಬೇಕೆಂಬ ಆಸೆಯೂ ಆಸೆಯೇ. ಅದನ್ನು ಪಾಪವೆನ್ನುವವರು ಯಾರು?

ಆದ್ದರಿಂದ ಇದನ್ನು ತಿನ್ನುವವರು ಒಂದೇ ಬಗೆಯವರಲ್ಲ. ಮೊದಲು ತಿಂದು ಆಮೇಲೆ ಬಿಟ್ಟವರು, ತಾಯಿಯ ಕೈರುಚಿಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದವರು ಕೆಲವರು. ಮಿಶ್ರ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಾದವರು ಕೆಲವರು. ಇನ್ನು ಕೆಲವರಿಗೆ ಬೇಕಾದುದು ಬರೀ ಪೋಷಕಾಂಶ. ಎಣ್ಣೆ ತೆಗೆದ ಸೋಯಾಹಿಟ್ಟನ್ನು ಶಾಖ ಮತ್ತು ಒತ್ತಡದಲ್ಲಿ ಯಂತ್ರದ ರಂಧ್ರದಿಂದ ಹೊರತಳ್ಳಿದಾಗ ಅದು ಉಬ್ಬಿ, ನಾರುನಾರಾಗಿ ಉಂಡೆಯಾಗುತ್ತದೆ. ಅಂಥ ಒಣ ಉಂಡೆಯ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇರುತ್ತದೆ. ನಮ್ಮ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ. ಮಾಂಸದ ಹೆಸರನ್ನೇ ಎತ್ತದೆ ಪಲ್ಯ ಮಾಡಿಕೊಂಡು ಉಣ್ಣುವ ಎಷ್ಟೋ ಬಡ ಕುಟುಂಬಗಳು ನಮ್ಮಲ್ಲಿವೆ.

ಇಲ್ಲಿ ನನ್ನ ವಿರುದ್ಧ ನಾನೇ ಒಂದು ಮಾತು ಹೇಳಿಕೊಳ್ಳಬೇಕು. ಆಳಂದ, ಅಫಜಲಪುರ, ಜೇವರ್ಗಿಗಳು ತೊಗರಿಯ ಸೀಮೆ. 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಅಂಶ ಬೇಳೆಯಲ್ಲಿದೆ. ಬೇಳೆಯಲ್ಲಿ ಕೊರತೆಯಾಗುವ ಮೆಥಿಯೊನಿನ್ ಜೋಳದಲ್ಲಿದೆ. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾಹಿಂಡಿ ಒಂದೇ ತಟ್ಟೆಯಲ್ಲಿರುವ ಊಟಕ್ಕೆ ಯಾವ ಮಾಂಸದ ಬದಲಿಯೂ ಅಗತ್ಯವಿಲ್ಲ. ನಗರಗಳಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಮಾರುವ ದುಬಾರಿ ಪೊಟ್ಟಣಗಳಲ್ಲಿ ಉಪ್ಪು, ಎಣ್ಣೆಗಳು ಎಷ್ಟಿವೆಯೆಂದು ಓದಿಯೇ ಕೊಳ್ಳಬೇಕು. ಬಿ12 ಜೀವಸತ್ವವಂತೂ ಸಸ್ಯಾಹಾರದಲ್ಲಿ ತಾನಾಗಿ ಸಿಗದು. ಸೋಯಾ ತಿಂದ ಮಾತ್ರಕ್ಕೆ ಅದು ತುಂಬುವುದಿಲ್ಲ. ಹಾಲುಮಜ್ಜಿಗೆಯನ್ನೂ ಬಿಟ್ಟವರು ವೈದ್ಯರನ್ನು ಕಾಣಲೇಬೇಕು. ಈ ಆಕ್ಷೇಪಗಳನ್ನು ನಾನು ಒಪ್ಪುತ್ತೇನೆ. ಆದರೆ ಇವು ಕಿಸೆಯ ಮತ್ತು ಆರೋಗ್ಯದ ಆಕ್ಷೇಪಗಳು. ಇವುಗಳಿಂದ ಒಬ್ಬರ ನಡತೆಯನ್ನು ಅಳೆಯಲಾಗದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಮಾತು. ಬದಲಿ ಎಂಬುದು ಧರ್ಮವಾಗುವುದು, ಅದನ್ನು ತನ್ನ ತಟ್ಟೆಗೆ ತಾನೇ ಬಡಿಸಿಕೊಂಡಾಗ. ಇನ್ನೊಬ್ಬರ ತಟ್ಟೆಯಿಂದ ಕಿತ್ತು ಬಡಿಸಿದಾಗ ಅದು ದಬ್ಬಾಳಿಕೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಆರಂಭವಾದದ್ದು ನಮ್ಮ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿಯೇ. ಅದಕ್ಕೂ ಮೊದಲು ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆಗೂಡಿ ಕುಸಿದ ಮಕ್ಕಳನ್ನು ಎತ್ತಿ ನೆರಳಿಗೆ ಕರೆದೊಯ್ದ ಕೈಗಳು ನನ್ನವು. 2021ರ ಡಿಸೆಂಬರಿನಲ್ಲಿ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು ಮೊದಲಾದ ಜಿಲ್ಲೆಗಳ 1ರಿಂದ 8ನೆಯ ತರಗತಿಯ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ ಬಂದಿತು, ತಿನ್ನದವರಿಗೆ ಬಾಳೆಹಣ್ಣು. ಆಗ ಕೆಲವು ಮಠಾಧೀಶರು, ಸಂಘಟನೆಗಳು ಮೊಟ್ಟೆಯನ್ನು ಶಾಲೆಯಿಂದಲೇ ದೂರವಿಡಬೇಕೆಂದು ಒತ್ತಾಯಿಸಿದರು. ನಮ್ಮ ಬಂಧುಗಳಲ್ಲಿಯೂ ಅದಕ್ಕೆ ತಲೆದೂಗಿದವರಿದ್ದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್; ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮನೆಯಲ್ಲಿ ಮೊಟ್ಟೆ ತಿನ್ನುವ, ಆದರೆ ಕೊಳ್ಳಲಾರದ ಮಗುವಿನ ಕೈಯಿಂದ ಅದನ್ನು ಬಿಡಿಸಿ ಹಣ್ಣು ಹಿಡಿಸುವುದು ಯಾವ ಅಹಿಂಸೆ? 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಈ ಯೋಜನೆ ವಾರಕ್ಕೆ 6 ದಿನಗಳಿಗೆ ವಿಸ್ತರಿಸಿತು ಎಂದು ಓದಿದಾಗ, ಜೀವಮಾನವಿಡೀ ಮೊಟ್ಟೆ ಮುಟ್ಟದ ನನಗೆ ಸಂತೋಷವಾಯಿತು.

ಗಮನಿಸಿ: ಮಗುವಿನ ಮೊಟ್ಟೆಗೆ ಬಾಳೆಹಣ್ಣು ಸಾಕು ಎಂದು ವಾದಿಸಿದವರೂ, ನಮ್ಮ ಸೊಸೆಯ ಸೋಯಾವನ್ನು ಸೋಗು ಎಂದು ಜರೆದವರೂ ಬಹುಮಟ್ಟಿಗೆ ಒಂದೇ ಮನಸ್ಸಿನವರು. ತಾವು ಹೇರಿದ ಬದಲಿ ಅವರಿಗೆ ಸರಿ. ಇನ್ನೊಬ್ಬರು ತಾವಾಗಿ ಆರಿಸಿಕೊಂಡ ಬದಲಿ ತಪ್ಪು. ಅವರ ತಕರಾರು ಸೋಯಾದ ಮೇಲಲ್ಲ. ಆ ಉಂಡೆ ಅವರಿಗೆ ಪರರ ಅಡುಗೆಮನೆಯನ್ನು ನೆನಪಿಸುತ್ತದೆ. ಮಸಾಲೆಯ ವಾಸನೆಯಲ್ಲಿ ಅವರಿಗೆ ಬಡಿದದ್ದು ಜೇವರ್ಗಿ ಕಡೆಯ ಆ ತವರುಮನೆ. ಪ್ರಾಣಿದಯೆಯ ಹೆಸರಿನಲ್ಲಿ ಮನುಷ್ಯರ ಬಗ್ಗೆ ಹೇಸಿಗೆಯನ್ನು ಪೋಷಿಸಿಕೊಳ್ಳುವುದು ಬಹಳ ಹಳೆಯ ಚಾಳಿ. ನಾನೂ ಬಾಲ್ಯದಲ್ಲಿ ಅದರಲ್ಲಿಯೇ ಬೆಳೆದವನು, ಅದನ್ನು ಬಿಡಲು ನನಗೂ ವರ್ಷಗಳೇ ಹಿಡಿದವು. ಸರ್ವಜೀವದಯೆಯನ್ನು ಸಾರಿದ ಶರಣರ ಹೆಸರನ್ನು ದಿನವೂ ಹೇಳುವ ನಾವು ಸೊಸೆಯೊಬ್ಬಳ ಕಣ್ಣೀರನ್ನು ಆ ದಯೆಯ ಲೆಕ್ಕದಿಂದ ಹೊರಗಿಟ್ಟೆವು.

ನಕ್ಕ ನನ್ನ ವಿದ್ಯಾರ್ಥಿಗೂ ಒಂದು ಮಾತು. ನಿನ್ನ ಮನೆಯ ರುಚಿಯನ್ನು ನಾವು ಕದಿಯುತ್ತಿದ್ದೇವೆ ಎಂದು ನೀನು ತಮಾಷೆ ಮಾಡಿದೆ. ಅಪ್ಪಾ, ಅದು ಕಳವಲ್ಲ, ಗೌರವ. ನಿಮ್ಮ ಮನೆಗಳ ಅಡುಗೆ ರುಚಿಯಾಗಿದೆ ಎಂದು ನಮ್ಮವಳು ಒಪ್ಪಿಕೊಂಡಳು. ಇಷ್ಟು ಕಾಲ ನಮ್ಮ ಕಡೆಯವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಮೊನ್ನೆ ಆಳಂದಕ್ಕೆ ಹೋಗಿ ಸೊಸೆಯೆದುರು ಕುಳಿತು, ಅಂದು ಸುಮ್ಮನಿದ್ದುದು ತಪ್ಪಾಯಿತು ಎಂದು ಹೇಳಿದೆ. "ಹೋಗ್ಲಿ ಬಿಡ್ರಿ ದೊಡ್ಡಮಾವಾರ, ನಾ ಮತ್ತ ಅದು ಮಾಡಿಲ್ಲ" ಎಂದಳು. ಆ ಮಾತು ಕೇಳಿ ನನಗೆ ಇನ್ನಷ್ಟು ನೋವಾಯಿತು. ಈ ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟುವಾಗ ಸಜ್ಜೆರೊಟ್ಟಿ, ಭಜ್ಜಿಪಲ್ಯಗಳ ಜೊತೆಗೆ ಅದನ್ನೂ ಮಾಡಬೇಕು ಎಂದು ಕೇಳಿಕೊಂಡಿದ್ದೇನೆ. ನೋಡೋಣ ಅಂದಿದ್ದಾಳೆ. ನನ್ನ ಮಾತು ಒಪ್ಪದವರು ಅಂದು ಹೊಲಕ್ಕೇ ಬನ್ನಿ. ಚರಗ ಚೆಲ್ಲಿ, ಒಟ್ಟಿಗೆ ಕುಳಿತು ಉಣ್ಣುತ್ತ ಜಗಳವಾಡೋಣ. ಅಣ್ಣಾ, ನೀವೂ ಬನ್ನಿ.